ದೇವರ ಲೋಟದ ಕಾಫಿ

ಸುಂಯ್ ಅಂತ ಸದ್ದು ಮಾಡಿ ಮೆಷಿನ್ನು ಕಾಗದದ ಲೋಟಕ್ಕೆ ಕಂದು ನೀರು ಉಗುಳಿತು, ಇದಕ್ಕೂ ಕಾಫಿ ಅಂತ ಹೆಸರು, ಶಿವ ಶಿವ, ಪುಡಿ ಹಳತು, ಹಾಲೂ ಪುಡಿಯದ್ದೇ, ಪುರಸೈವಾಕ್ಕಂನ ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಕಾಫಿ ಮಾಸ್ಟರ್ ಆಗಿ ನಿಂತ ಸದಾನಂದನಿಗೆ ಕುಡಿದು ನೋಡುವುದೇ ಬೇಡ, ಮೂಗೇ ಹೇಳುತ್ತದೆ — ಥೂ, ಈಗ ಎಂತದ್ದು ಈ ಮೂಗಿನ ದೌಲತ್ತು, ಗೋಡೆಯಾಚೆ ಅಕ್ಕ ಮಲಗಿದ್ದಾಳೆ, ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಬೆಳೆಸಿದ ಜಯಲಕ್ಷ್ಮೀ ಅಕ್ಕ, ಬೈಪಾಸ್ ಆಗಿ ಒಂದೂವರೆ ವರ್ಷಕ್ಕೇ ಇನ್ನೊಂದು ರಕ್ತನಾಳ ಕಟ್ಟಿಕೊಂಡಿದೆ, ಮತ್ತೆ ಅದೇ ಅಡ್ಯಾರ್, ಅದೇ ಆಸ್ಪತ್ರೆ, ಅದೇ ಬೆಂಚು. ಬೆಳಿಗ್ಗೆ ಡಾಕ್ಟ್ರಮ್ಮ ಕೇಳಿದ್ದರು, ಊಟದ ವಿಷಯ ಎಲ್ಲರೂ ಹೇಳ್ತೀರಿ, ದಿನಾ ಕುಡಿಯುವುದು ಏನು ಅಂತ ಯಾರೂ ಹೇಳೋದಿಲ್ಲ, ಏನು ಕುಡೀತಾರೆ ಇವರು, ಮಜ್ಜಿಗೆ ಡಾಕ್ಟ್ರೇ, ಗಂಜಿ ತಿಳಿ, ಅಂದ ಇವನು, ಕಾಫಿ ಟೀ ಏನಾದರೂ ಕೊಡ್ತೀರಾ, ಇಲ್ಲ ಡಾಕ್ಟ್ರೇ, ಸಕ್ಕರೆ ಹಾಕಿದ್ದು ಏನಾದರೂ, ಇಲ್ಲವೇ ಇಲ್ಲ, ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲವಲ್ಲ ಪಾಪಿಯದ್ದು.

ಸುಳ್ಳು ಅಂತ ಅವನಿಗೆ ಆಗ ಅನಿಸಲೇ ಇಲ್ಲ, ಅದೇ ದೊಡ್ಡ ಪಾಪ, ಯಾಕೆಂದರೆ ಅಕ್ಕನಿಗೆ ಅವನು ದಿನಾ ಕೊಡುತ್ತಿದ್ದದ್ದು ಕಾಫಿಯಲ್ಲ, ಪ್ರಸಾದ, ಹೋಟೆಲಿನಲ್ಲಿ ಬೆಳಿಗ್ಗೆ ಮೊದಲು ಇಳಿದ ಡಿಕಾಕ್ಷನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಕೃಷ್ಣನ ಪಟಕ್ಕೆ, ಗಟ್ಟಿ ಹಾಲು, ಮೂರು ಚಮಚ ಸಕ್ಕರೆ, ಹಿತ್ತಾಳೆ ಲೋಟ, ಒಂದು ಹೂ, ನೈವೇದ್ಯ ಆದ ಮೇಲೆ ಅದು ಡಿಕಾಕ್ಷನ್ ಹಾಕಿದವನಿಗೇ ಸೇರಬೇಕು, ದೊಡ್ಡ ಧಣಿಗಳ ಕಾಲದಿಂದ ಬಂದ ಪದ್ಧತಿ — ಆಪರೇಷನ್ ಆಗಿ ಹದಿನೈದು ದಿನಕ್ಕೆ ಅಕ್ಕ ಅವನ ಅಂಗಿ ಒಗೆಯಲು ಹಾಕುವಾಗ, ಎಂತ ಪರಿಮಳ ಮಾರಾಯ ನಿನ್ನ ಅಂಗಿಗೆ, ಅಂದಳು, ಅಷ್ಟೇ ಅಂದದ್ದು, ಅಕ್ಕನಿಗೆ ಕಾಫಿಯ ಆಸೆ ಅಂದುಕೊಂಡ ಅವನು, ಮರುದಿನದಿಂದ ದೇವರ ಲೋಟ ಅವನ ಬಾಯಿಗೆ ಹೋಗದೆ ಫ್ಲಾಸ್ಕಿಗೆ ಹೋಯಿತು, ಹನ್ನೊಂದಕ್ಕೆ ಪಾಳಿ ಮುಗಿಸಿ ಎಗ್ಮೋರಿನಿಂದ ಲೋಕಲ್ ಟ್ರೈನು, ಕ್ರೋಂಪೇಟೆಯಲ್ಲಿ ಇಳಿದು ಬಿಸಿಲಲ್ಲಿ ಮನೆಗೆ ಬಿರಬಿರ ನಡಿಗೆ, ತಗೊ ಅಕ್ಕ, ಪ್ರಸಾದ, ಬೇಡ ಅನ್ನಬಾರದು, ಸಕ್ಕರೆ ಉಂಟಲ್ಲವಾ ಸದಾ, ಕೃಷ್ಣ ಕುಡಿದು ಬಿಟ್ಟದ್ದಕ್ಕೆ ಎಂತ ಸಕ್ಕರೆ, ಅಂತ ಅವನೇ ನಕ್ಕಿದ್ದ. ಒಮ್ಮೆ ಮಗಳು ಹರ್ಷಿಣಿ ನೋಡಿ, ಅಪ್ಪಾ, ಅತ್ತೈಕು ಷುಗರ್ ವೇಣಾಂ, ಅತ್ತೆಗೆ ಸಕ್ಕರೆ ಬೇಡ ಅಂತ ತಮಿಳಿನಲ್ಲಿ ಅಂದಾಗ ಗದರಿಸಿದ, ಕನ್ನಡದಲ್ಲಿ ನಾಲ್ಕು ಮಾತು ಬಾರದವಳು ನನಗೆ ಬುದ್ಧಿ ಹೇಳ್ತೀಯಾ.

ಬೆಳಿಗ್ಗೆ ಅದರ ಮೇಲೆ ಡಾಕ್ಟ್ರಮ್ಮ ಹೇಳಿದ ಮಾತು ಈಗ ತಲೆಯೊಳಗೆ ಕುಟ್ಟುತ್ತಿದೆ, ರಕ್ತನಾಳ ಪೈಪ್ ಅಲ್ಲಪ್ಪ, ಜೀವ ಇರುವಂಥದ್ದು, ಬೇಕಾದಾಗ ಹಿಗ್ಗಬೇಕು, ದಿನಾ ಸಿಹಿ ಕುಡೀತಾ ಹೋದರೆ ಅದರ ಒಳಪದರ ಕೆಡ್ತದೆ, ಹಿಗ್ಗುವುದನ್ನೇ ಮರೀತದೆ, ಸಕ್ಕರೆ ಇಲ್ಲದೆ ಒಂದು ಸಣ್ಣ ಲೋಟ ಫಿಲ್ಟರ್ ಕಾಫಿ ಇವರು ಕುಡಿದಿದ್ದರೆ ನಾನೇನೂ ಅನ್ನುತ್ತಿರಲಿಲ್ಲ — ಕುಡಿಯಬಹುದಿತ್ತಂತೆ! ಸಕ್ಕರೆ ಇಲ್ಲದ್ದು ಕುಡಿಯಬಹುದಿತ್ತಂತೆ, ಆದರೆ ಸಪ್ಪೆ ಕಾಫಿಯನ್ನು ದೇವರಿಗೆ ಇಡುವುದು ಹೇಗೆ, ದೇವರಿಗೆ ಇಡದಿದ್ದರೆ ಪ್ರಸಾದ ಹೇಗೆ, ಪ್ರಸಾದ ಅಲ್ಲದಿದ್ದರೆ ಅಕ್ಕನಿಗೆ ಕೊಡಲು ಅವನಿಗೆ ಧೈರ್ಯ ಎಲ್ಲಿತ್ತು, ಕೃಷ್ಣನನ್ನು ಅಡ್ಡ ಹಿಡಿದುಕೊಂಡು ಒಂದೂವರೆ ವರ್ಷ, ದಿನಕ್ಕೆ ಮೂರು ಚಮಚ. ನಾಳೆ ಸ್ಟೆಂಟ್ ಹಾಕ್ತಾರೆ, ಮಾತ್ರೆಗಳೇ ಸಾಲುತ್ತಿಲ್ಲ ಅಂತ ಎಲ್ಲದರ ಡೋಸು ಏರಿಸ್ತಾರೆ, ಅವನ ಒಂದು ಸುಳ್ಳಿನ ಲೆಕ್ಕದ ಮೇಲೆ ಆ ಬಡಕಲು ಮೈಗೆ ಇನ್ನಷ್ಟು ಔಷಧಿ, ಹೇಳಿಬಿಡು, ಹೇಳಿದರೆ ಹರ್ಷಿಣಿ ಮುಖ ನೋಡುವುದು ಹೇಗೆ, ಹೇಳದಿದ್ದರೆ ಅಕ್ಕನ ಮುಖ — ಅಪ್ಪಾ, ಡಾಕ್ಟರ್ ಕೂಪಿಡ್ರಾಂಗ, ಡಾಕ್ಟರು ಕರೀತಿದ್ದಾರಂತೆ, ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಎದ್ದ, ಒಳಗೆ ಅಕ್ಕನ ಮಂಚದ ಪಕ್ಕ ಡಾಕ್ಟ್ರಮ್ಮನ ಕೈಯಲ್ಲಿ ಪೆನ್ನು, ಚೀಟಿ, ಬರೆಯಬೇಡಿ ಅಮ್ಮಾ, ನಿಲ್ಲಿ, ನಾನು ಸುಳ್ಳು ಹೇಳಿದ್ದು, ದಿನಾ ಕೊಟ್ಟಿದ್ದೇನೆ, ಸಕ್ಕರೆ ಕಾಫಿ, ನಾನೇ, ನನ್ನ ಕೈಯಾರೆ, ಅರ್ಧ ತಮಿಳು ಅರ್ಧ ಕನ್ನಡ, ಅಳು ಬೇರೆ, ಪೆನ್ನು ನಿಂತಿತು, ಹರ್ಷಿಣಿ ತಲೆ ತಗ್ಗಿಸಿದಳು, ಡಾಕ್ಟ್ರಮ್ಮ ಬೈಯಲಿಲ್ಲ, ಬರೆಯುತ್ತಿದ್ದ ಚೀಟಿಯನ್ನು ಹರಿದು ಹಾಕಿದರು ಅಷ್ಟೆ, ಸ್ಟೆಂಟ್ ಹಾಕಲೇಬೇಕು, ಇದನ್ನು ಮೊದಲೇ ಹೇಳಬೇಕಿತ್ತಲ್ಲ, ಅಂದರು.

ಅಕ್ಕ ದಿಂಬಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು, ಕೈ ಚಾಚಿದಳು, ಅಳಬೇಡ ಸದಾ, ನಾನಾದರೂ ಬಾಯಿ ಬಿಡಬೇಕಿತ್ತು, ಆಪರೇಷನ್ ಆದ ಮೇಲೆ ಆ ಸಿಹಿ ನನಗೆ ಸೇರುವುದೇ ಇಲ್ಲ ಮಾರಾಯ, ಕುಡಿದರೆ ವಾಂತಿ ಬಂದ ಹಾಗೆ ಆಗ್ತದೆ, ಅಷ್ಟು ದೂರದಿಂದ ಬಿಸಿಲಲ್ಲಿ ತರ್ತಿ, ಬೇಡ ಅಂದರೆ ನಿನ್ನ ಮುಖ ಸಣ್ಣದಾಗ್ತದೆ, ಅದಕ್ಕೇ ಕುಡಿದದ್ದು. ಏನಂದಳು, ಸೇರುವುದೇ ಇಲ್ಲವಂತೆ, ಹಾಗಾದರೆ ಅಷ್ಟು ದಿನ — ಅವನು ಎದುರಿಗೇ ಕೂತು ನೋಡುತ್ತಿದ್ದನಲ್ಲ, ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಒಂದೇ ಉಸಿರಿಗೆ, ಅಕ್ಕನಿಗೆ ಎಷ್ಟು ಸುಖ ಅಂದುಕೊಂಡಿದ್ದ, ಕಣ್ಣು ಮುಚ್ಚಿ, ಕಷಾಯ ನುಂಗುವ ಮಗುವಿನ ಹಾಗೆ, ನಿನ್ನೆಯೂ, ಮೊನ್ನೆಯೂ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ, ಅಕ್ಕ, ಕಣ್ಣು ಬಿಗಿಯಾಗಿ ಮುಚ್ಚಿ