ಅನುಮತಿ ಪಡೆದ ಆಕ್ರೋಶ

ಪೊಲೀಸ್ ಕಚೇರಿಯಲ್ಲಿ ಧರಣಿ, ಮೆರವಣಿಗೆಗಳ ಅರ್ಜಿ ನೋಡಿಕೊಳ್ಳುತ್ತಿದ್ದ ಗುಮಾಸ್ತನಿಗೆ, ಸ್ವಂತ ಚಿಕ್ಕಮ್ಮನೇ ಅರ್ಜಿ ಹಿಡಿದು ಬಂದಾಗ ತಲೆಬಿಸಿಯಾಯಿತು. ಆಕೆ ನಿವೃತ್ತ ನರ್ಸ್. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೀಗ ಬಿದ್ದಿತ್ತು. ಅದರ ಬಾಗಿಲೆದುರು ಒಂದು ದಿನ ಕೂರಲು ನಲವತ್ತು ಹೆಂಗಸರು ಸಿದ್ಧರಾಗಿದ್ದರು.

ಸಂಚಾರಕ್ಕೆ ಅಡ್ಡಿಯೆಂದು ಸಾಹೇಬರು ಮೊದಲ ಅರ್ಜಿ ತಿರಸ್ಕರಿಸಿದರು. ಆ ರಸ್ತೆಗೆ ದಿನಕ್ಕೆ ಮೂರು ಬಸ್ಸು ಬಂದರೆ ಹೆಚ್ಚು. ಎರಡನೆಯದಕ್ಕೆ, ಘೋಷಣೆಯಿಂದ ರೋಗಿಗಳ ನಿದ್ದೆ ಕೆಡುತ್ತದೆ ಎಂದರು. ಬಾಯಿ ಮುಚ್ಚಿಕೊಂಡೇ ಕೂರುತ್ತೇವೆಂದು ಚಿಕ್ಕಮ್ಮ ಮೂರನೆಯದು ಬರೆದಳು. ‘ಮೌನ ಅನುಮಾನಾಸ್ಪದ’ ಎಂಬ ಷರಾ ಬಿತ್ತು.

“ಕೂಗಿದ್ರೂ ತಪ್ಪು, ಕೂಗ್ದಿದ್ರೂ ತಪ್ಪು. ಏನೋ ಇದು?”

“ನಾನು ಬರೀ ಟೈಪ್ ಮಾಡೋನು, ಚಿಕ್ಕಮ್ಮ,” ಎಂದು ಗುಮಾಸ್ತ ನೆಲ ನೋಡಿದ.

ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಕಳೆದ ಸಲ ಆ ಕ್ಷೇತ್ರದಲ್ಲಿ ಆರೋಗ್ಯ ಸಚಿವರು ಗೆದ್ದದ್ದು ಬರೀ ಇನ್ನೂರ ಹನ್ನೊಂದು ಮತಗಳಿಂದ. ಅವರ ಕಡೆಯಿಂದ ಒಂದು ಫೋನ್ ಬಂದದ್ದೇ ತಡ, ಸಾಹೇಬರು ಅನುಮತಿ ಪತ್ರ ಹಿಡಿದು ಚಿಕ್ಕಮ್ಮನ ಮನೆಗೇ ಓಡಿದರು.

“ಅಮ್ಮಾ, ದಯವಿಟ್ಟು ಧರಣಿ ಮಾಡಿ. ಮೈಕು, ಕುರ್ಚಿ ಎಲ್ಲ ನಾವೇ ಕೊಡ್ತೀವಿ.”

“ರೋಗಿಗಳ ನಿದ್ದೆ?”

“ಹಗಲಲ್ಲಿ ಯಾರು ಮಲಗ್ತಾರಮ್ಮ!”

ಧರಣಿಯ ದಿನ ಸಚಿವರೇ ಬಂದು ಮುಂದಿನ ಸಾಲಿನಲ್ಲಿ ಕೂತರು. “ವಾರ್ಡ್ ಮುಚ್ಚಿದವರಿಗೆ ಧಿಕ್ಕಾರ!” ಎಂದು ಗಂಟಲು ಹರಿಯುವಂತೆ ಕೂಗಿದರು. ಮುಚ್ಚುವ ಆದೇಶಕ್ಕೆ ಸಹಿ ಹಾಕಿದ್ದವರು ಅವರೇ. ಪತ್ರಿಕೆಗಳಲ್ಲಿ ಫೋಟೋ ಬಂತು. ಮೂರು ಸಾವಿರ ಮತಗಳಿಂದ ಗೆದ್ದರು.

ಫಲಿತಾಂಶ ಬಂದ ವಾರವೇ, ಆಸ್ಪತ್ರೆಯ ಬಳಿ ಐದು ಅಥವಾ ಹೆಚ್ಚು ಜನ ಸೇರಬಾರದೆಂದು ಆದೇಶ ಹೊರಟಿತು. ಮುಗಿದ ಧರಣಿಯ ಮೇಲೂ ಕೇಸು ಬಿತ್ತು. ಅನುಮತಿ ಪತ್ರದ ಮೊಹರು ಓರೆಯಾಗಿತ್ತಂತೆ. ನೋಟಿಸನ್ನು ಟೈಪ್ ಮಾಡಿದ್ದೂ, ಚಿಕ್ಕಮ್ಮನಿಗೆ ತಲುಪಿಸಿದ್ದೂ ಗುಮಾಸ್ತನೇ.

ಚಿಕ್ಕಮ್ಮ ಕನ್ನಡಕ ಏರಿಸಿ ಓದಿದಳು. “ಒಂದನೇ ಆರೋಪಿ ನಾನಾ? ಎಲ್ರಿಗಿಂತ ಜೋರಾಗಿ ಕೂಗಿದ್ದು ಸಚಿವ್ರು ಕಣೋ!”

ಪತ್ರಿಕೆಯ ಫೋಟೋ ಕತ್ತರಿಸಿ ಉತ್ತರಕ್ಕೆ ಅಂಟಿಸಿ ಕಳಿಸಿದಳು. ಅದನ್ನು ನೋಡಿ ಸಾಹೇಬರ ಹಣೆ ಬೆವರಿತು. ಫೈಲು ಬೀರುವಿನ ತಳ ಸೇರಿತು. ಆದರೆ ನಿಷೇಧ ಉಳಿಯಿತು, ವಾರ್ಡಿನ ಬೀಗವೂ ಉಳಿಯಿತು.

ಮುಂದಿನ ಸೋಮವಾರ ನಲವತ್ತು ಹೆಂಗಸರೂ ಅರ್ಜಿಯಿಲ್ಲದೆ ಬಂದು ಕೂತರು. ಎಣಿಸಿ ಬಾ ಎಂದು ಸಾಹೇಬರು ಗುಮಾಸ್ತನನ್ನು ಅಟ್ಟಿದರು. ಮೂರನೇ ಸಾಲಿನಲ್ಲಿ ಅವನ ಹೆಂಡತಿ ಕೂತಿದ್ದಳು, ಏಳು ತಿಂಗಳ ಬಸುರಿ.

“ನನ್ನನ್ನ ಒಂದು ಅಂತ ಬರೀತೀರೋ, ಎರಡು ಅಂತಲೋ?” ಎಂದಳು.

ಗುಮಾಸ್ತ ಕಚೇರಿಗೆ ಮರಳಿ ವರದಿ ಬರೆದ: ಸ್ಥಳದಲ್ಲಿ ನಾಲ್ಕು ಜನ.

“ನಾಲ್ಕೇನಾ?” ಸಾಹೇಬರ ಹುಬ್ಬು ಮೇಲೇರಿತು.

“ನಾಲ್ಕೇ ಸಾರ್. ಐದು ಅಂದ್ರೆ ನೀವೇ ಹೋಗಿ ಎಬ್ಬಿಸ್ಬೇಕಾಗುತ್ತೆ. ಪೇಪರಿನವ್ರು ಕ್ಯಾಮೆರಾ ಹಿಡ್ಕೊಂಡು ನಿಂತಿದಾರೆ.”

ಸಾಹೇಬರು ಸರಸರನೆ ಸಹಿ ಹಾಕಿದರು. ಹೆಂಗಸರು ಮರುದಿನವೂ ಬಂದು ಕೂತರು.