ಖಲೀಲ್ ಮೇಷ್ಟ್ರ ಅಲ್ಬೆರೂನಿ

ಬಿಸಿಲು ಯಾಕೋ ನೀರು ಬೆರೆಸಿದ ಮಜ್ಜಿಗೆಯ ಹಾಗೆ ತೆಳ್ಳಗಾಗುತ್ತಿದೆಯಲ್ಲ, ಎಂಟು ಗಂಟೆಗೆಲ್ಲ ಗ್ರಹಣ ಹಿಡಿದುಬಿಟ್ಟಿತೇ, ಸಿದ್ದಲಿಂಗಮ್ಮ ಮಂಚಮ್ಮನ ಮನೆಯ ಜಗಲಿಯ ಮೇಲೆ ಕೂತು ಅಂಗಳದ ಬೋಗುಣಿಯನ್ನೇ ನೋಡುತ್ತಿದ್ದಾಳೆ, ಸಗಣಿ ಕದಡಿದ ನೀರು, ಅದರೊಳಗೆ ಅಂಚು ಮುಕ್ಕಾದ ಸೂರ್ಯ, ಪಕ್ಕದಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ ಕೈಬಿಟ್ಟ ಮಂಚಮ್ಮ, ನೋಡಿ ಮಿಸ್ಸೋರೆ, ಗ್ರಾಣ ಬುಡೋಗಂಟ ಇದು ಬೀಳಾಕಿಲ್ಲ ಅನ್ನುತ್ತಾಳೆ — ಹದಿನೈದು ವರ್ಷದ ಕೆಳಗೆ, ಎಂಬತ್ತರ ಗ್ರಹಣಕ್ಕೆ, ಇದೇ ಬೋಗುಣಿ ನೋಡಿ ನಕ್ಕವಳು ತಾನು, ಪಾಂಡವಪುರಕ್ಕೆ ಹೊಸದಾಗಿ ಬಂದ ವಿಜ್ಞಾನದ ಟೀಚರು, ಇದೆಲ್ಲ ಮೂಢನಂಬಿಕೆ ಮಂಚಮ್ಮ, ಮಗಳನ್ನ ಸ್ಕೂಲಿಗೆ ಕಳಿಸು, ಅಲ್ಲಿ ಎಲ್ಲ ಮಕ್ಕಳೂ ನೋಡ್ತಾರೆ, ಥೂ, ಏನು ಜಂಭ, ಏನು ಜಂಭ. ಒಳಗೆ ಆ ಮಗಳು, ಹೇಮ, ಉಪ್ಪಿನಕಾಯಿ ಜಾಡಿಯ ಮೇಲೆ ದರ್ಬೆ ಇಡುತ್ತಿದ್ದಾಳೆ, ಕತ್ತು ಓರೆ ಮಾಡಿಕೊಂಡು, ಏನನ್ನು ನೋಡಬೇಕಾದರೂ ಓರೆಯೇ, ನೇರ ನೋಡಿದರೆ ನಟ್ಟನಡುವೆ ಕಪ್ಪು ಚುಕ್ಕೆಯಂತೆ, ಎರಡು ಕಣ್ಣಲ್ಲೂ, ಸುಟ್ಟಿದ್ದು ಸುಟ್ಟ ಹಾಗೇ ಅಂದರಂತೆ ಡಾಕ್ಟರು, ಸಂತೆಯಲ್ಲಿ ಒಮ್ಮೆ ಆ ಓರೆ ಕತ್ತು ಕಂಡು ತಾನು ಬಳೆ ಅಂಗಡಿಗೆ ನುಗ್ಗಿ ಅಡಗಿಕೊಂಡದ್ದು, ಇವತ್ತು ಹೇಳಿಬಿಡಬೇಕು, ಅದಕ್ಕೇ ಅಲ್ಲವೇ ಶ್ರೀರಂಗಪಟ್ಟಣದಿಂದ ಖಾಲಿ ಬಸ್ಸಿನಲ್ಲಿ ಬಂದದ್ದು, ಗ್ರಾಣದಾಗೆ ಎಲ್ಲಿಗಕ್ಕ ಹೊಂಟೆ ಅಂತ ಕಂಡಕ್ಟರು ಬೇರೆ ಕೇಳಿದ, ಏನು ಹೇಳುವುದು ಅವನಿಗೆ, ಹೋದ ತಿಂಗಳು ನಾಗಮಂಗಲದಲ್ಲಿ ಖಲೀಲ್ ಮೇಷ್ಟ್ರು ತೀರಿಕೊಂಡರು ಅಂತಲೇ, ಇನ್ನು ನನ್ನ ಸುಳ್ಳು ಹೊರುವುದಕ್ಕೆ ಯಾರೂ ಉಳಿದಿಲ್ಲ ಅಂತಲೇ.

ಲೆಕ್ಕದ ಖಲೀಲ್ ಮೇಷ್ಟ್ರು, ಅವರ ಅಲ್ಬೆರೂನಿ ಹುಚ್ಚು, ಸಾವಿರ ವರ್ಷದ ಹಿಂದೆ ಖ್ವಾರಿಜಮ್ಮಿನಲ್ಲಿ ಹುಟ್ಟಿ ಘಜ್ನಿಯಲ್ಲಿ ಸತ್ತ ಆ ಖಗೋಳ ಪಂಡಿತನನ್ನು ಪಕ್ಕದ ಬೀದಿಯ ದೊಡ್ಡಪ್ಪನ ಹಾಗೆ ಮಾತಾಡೋರು, ಸಂಸ್ಕೃತ ಕಲ್ತ ಕಣಮ್ಮಾ, ಬೆಟ್ಟ ಹತ್ತಿ ಭೂಮೀನೇ ಅಳ್ದುಬುಟ್ಟ, ನಮ್ ಕೈಲಾಗಾಕಿಲ್ವಾ — ಒಂದು ಭಾನುವಾರ ಎಂಟನೇ ಕ್ಲಾಸನ್ನೆಲ್ಲ ಕುಂತಿಬೆಟ್ಟ ಹತ್ತಿಸಿ, ಮರದ ಕೋನಮಾಪಕಕ್ಕೆ ದಾರ ಕಟ್ಟಿ ಕಲ್ಲು ಇಳಿಬಿಟ್ಟು, ದೂರದ ಅಂಚು ಎಷ್ಟು ಬಗ್ಗಿದೆ ಅಂತ ಒಂದು ಕಣ್ಣು ಮುಚ್ಚಿ ನೋಡಿ, ಕೆಳಗೆ ಕಬ್ಬಿನ ಗದ್ದೆ, ತೊಣ್ಣೂರು ಕೆರೆಯ ಹೊಳಪು, ಎಲ್ಲರ ಮಡಿಲಲ್ಲೂ ಕಡ್ಲೆಪುರಿ, ಲೆಕ್ಕ ಮುಗಿದಾಗ ಭೂಮಿ ಇಷ್ಟೇ ಇಷ್ಟು ಬಂತು, ಯಾ ಅಲ್ಲಾ, ಪೂರಾ ದುನಿಯಾನೇ ಹಾಸನದ ಈಚೆಗೇ ಮುಗಿಸ್ಬುಟ್ನಲ್ಲ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು, ಹೇಮನೂ ನಕ್ಕಳು, ಆಗ ನೆಟ್ಟಗೆ ಮುಖ ಕೊಟ್ಟು ನೋಡುತ್ತಿದ್ದ ಹೇಮ, ಅಯ್ಯೋ ಆ ಒಂದು ಭಾನುವಾರ ವಾಪಸ್ಸು ಸಿಕ್ಕಿದ್ದರೆ. ಸಾಯುವ ಗಳಿಗೆಯಲ್ಲೂ ನೋಡಲು ಬಂದವರನ್ನು ಏನೋ ಪ್ರಶ್ನೆ ಕೇಳಿದನಂತೆ ಅಲ್ಬೆರೂನಿ, ತಿಳಿಯದೆ ಹೋಗೋದಕ್ಕಿಂತ ತಿಳಿದು ಹೋಗ್ತೀನಿ ಅಂದನಂತೆ. ಗ್ರಹಣದ ಹಿಂದಿನ ದಿನ ತಾನು ಸ್ಟಾಫ್ ರೂಮಿನಲ್ಲಿ ಸೀಮೆಎಣ್ಣೆ ಬುಡ್ಡಿಗೆ ಗಾಜಿನ ಚೂರು ಹಿಡಿದು ಮಸಿ ಹತ್ತಿಸುತ್ತಿದ್ದಾಗ, ಬ್ಯಾಡ ತಾಯಿ, ಅಲ್ಬೆರೂನಿ ಚಿಕ್ ವಯಸ್ನಾಗೆ ಗ್ರಹಣ ನೋಡಿ ನೋಡಿ ಕಣ್ಣು ಮಂಕು ಮಾಡ್ಕಂಡ, ಆಮ್ಯಾಕೆ ನೀರಾಗೆ ನೋಡ್ರಪ್ಪ ಅಂತ ಬರ್ದವ್ನೆ, ಅಂದರು, ಸಾವಿರ ವರ್ಷದ ಹಳೇ ಮಾತು ಬಿಡಿ ಸಾರ್ ಅಂದಳು ತಾನು. ಗಾಜುಗಳು ಬಿಸ್ಕತ್ತಿನ ಡಬ್ಬಿಯಲ್ಲಿ, ಯಾರು ಇಟ್ಟದ್ದೆಂದು ಮಕ್ಕಳಿಗೂ ಗೊತ್ತಿಲ್ಲದೆ, ಸಾಲಿನಿಂದ ಸಾಲಿಗೆ ಹೋದವು, ಮೂರನೇ ದಿನ ಮಂಚಮ್ಮ ಮಗಳ ಕೈ ಹಿಡಿದು ಸ್ಕೂಲಿಗೆ ಬಂದು ಎದೆ ಬಡಿದುಕೊಂಡಳು, ಯಾರ್ರೀ ಗಾಜು ಕೊಟ್ಟೋರು, ತನ್ನ ನಾಲಿಗೆ ಏಳಲಿಲ್ಲ, ಕಾಯಂ ಆಗದ ಕೆಲಸ, ಮೇಷ್ಟ್ರು ಎದ್ದು ನಿಂತರು, ನಾನೇ ಕೊಟ್ಟಿದ್ದು ತಾಯಿ, ಆ ತಿಂಗಳೇ ಅವರಿಗೆ ನಾಗಮಂಗಲಕ್ಕೆ ವರ್ಗ, ಹೊರಡುವಾಗಲೂ ತನ್ನನ್ನು ಒಂದು ಮಾತು ಆಡಲಿಲ್ಲ ಪುಣ್ಯಾತ್ಮ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೇಮ ಬಾಗಿಲಿಗೆ ಬಂದಳು, ಈಗ ಹೇಳು, ಈಗ, ಹೇಮಾ, ಆ ಗಾಜಿಗೆ ಮಸಿ ಹತ್ತಿಸಿದ್ದು ನಾನು ಕಣೇ, ಮೇಷ್ಟ್ರಲ್ಲ, ಅಂದೇಬಿಟ್ಟಳು, ಮಂಚಮ್ಮ ಅಂಗಳದಿಂದ ಸರ್ರನೆ ತಿರುಗಿದಳು, ಹೇಮ ಮಾತ್ರ ಬೆಚ್ಚಲಿಲ್ಲ, ನಂಗೊತ್ತು ಮಿಸ್, ಅವತ್ತು ನೋಟ್ಸ್ ಇಡೋಕೆ ಬಂದಾಗ ಕಿಟಕೀಲಿ ನೋಡಿದ್ದೆ, ಮೇಷ್ಟ್ರು ಹೇಳ್ಬ್ಯಾಡ ಮಗಳೇ ಅಂದ್ರು, ಅವ್ವ ಅವ್ರನ್ನ ಜಗಲಿ ಹತ್ತಿಸ್ತಾನೇ ಇರ್ಲಿಲ್ಲ, ವರ್ಷಕ್ಕೊಂದ್ಸಲ ನಾಗಮಂಗಲದಿಂದ ಬಂದು ಬಿಸಿಲಲ್ಲಿ ಅಂಗಳದಲ್ಲೇ ನಿಂತ್ಕಂಡು ನನ್ನನ್ನ ಒಂದೇ ಮಾತು ಕೇಳೋರು, ಮಿಸ್ ಬಂದಿದ್ರಾ ಮಗಳೇ ಅಂತ, ಹದಿನೈದ್ ಸಲ ಇಲ್ಲ ಅಂದೆ. ಬಿಸಿಲು ಬರುತ್ತಿದೆಯೋ ಹೋಗುತ್ತಿದೆಯೋ, ಮಂಚಮ್ಮ ಏನೋ ಕೂಗುತ್ತಿದ್ದಾಳೆ, ಏನೂ ಕೇಳಿಸುತ್ತಿಲ್ಲ, ಹೇಮ ಮಿಸ್ಸಿನ ಮುಖವನ್ನು ಹುಡುಕುತ್ತಿದ್ದಾಳೆ, ಕತ್ತು ಓರೆ ಮಾಡಿ, ಇನ್ನೂ ಸ್ವಲ್ಪ ಓರೆ ಮಾಡಿ, ಕತ್ತು ಓರೆ ಮಾಡಿ —