ಬತ್ತಲೆಯಾದ ಕೌದಿ

ನಾನು ಒಂದು ಕೌದಿ. ಹಳಿಯಾಳದ ಕಾಡಂಚಿನಲ್ಲಿ, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿಗಳ ಕೇರಿಯಲ್ಲಿ ಲೂಸಿಯಾ ಅಜ್ಜಿಯ ತೊಡೆಯ ಮೇಲೆ ಹುಟ್ಟಿದೆ. ನನ್ನ ಮೈಯಲ್ಲಿ ಅವಳ ಹಳೆಯ ಸೀರೆಯಿದೆ, ನೆರೆಮನೆಯ ಹುಸೇನ್‌ಬಿಯ ದುಪಟ್ಟಾ ಇದೆ, ಯಾರದೋ ಲುಂಗಿಯೂ ಇದೆ. ಅಜ್ಜಿ ಅಂಚಿನಿಂದ ಹೊಲಿಗೆ ಹಿಡಿದು ಸುತ್ತಿ ಸುತ್ತಿ ನಡುವಿಗೆ ಬಂದಳು. ಗೆರೆಯಿಲ್ಲ, ಅಳತೆಯಿಲ್ಲ. ಅದೇನು ಕೈ ಅಂತೀರಿ! ಕೊನೆಗೆ ಬಟ್ಟೆ ಮಡಚಿ ನಾಲ್ಕು ಮೂಲೆಗೂ ಹೂ ಕೂರಿಸಿದಳು. ಮೂಲೆಯಲ್ಲಿ ಹೂವಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ ನಮ್ಮ ಹೆಂಗಸರು.

ಮೊಮ್ಮಗಳು ಜುಲಿಯಾನಾ ನರ್ಸಿಂಗ್ ಓದಲು ಹುಬ್ಬಳ್ಳಿಗೆ ಹೊರಟಾಗ ನಾನೂ ಜೊತೆಗೆ ಬಸ್ಸು ಹತ್ತಿದೆ. ಹಾಸ್ಟೆಲಿನ ಹುಡುಗಿಯರು ಅವಳ ಗುಂಗುರು ಕೂದಲು ಮುಟ್ಟಿ ಮುಟ್ಟಿ ನೋಡಿದರು.

"ನೀ ಯಾವ ದೇಶದಾಕಿ? ಕನ್ನಡ ಎಲ್ಲಿ ಕಲ್ತಿ?"

ಪಾಪ, ಹುಡುಗಿ ಹೈರಾಣಾಗಿ "ಗೋವಾದಾಕಿ" ಎಂದು ಸುಳ್ಳು ಹೇಳಿಬಿಟ್ಟಳು. ಇನ್ನೊಬ್ಬಳು ನನ್ನ ಮೂಲೆ ಹಿಡಿದು, "ಇದೇನ ಕೌದಿಗೆ ಕಿವಿ ಬಂದಾವ?" ಎಂದು ನಕ್ಕಳು. ಅವರೆಲ್ಲ ಹೊರಗೆ ಹೋದ ಮೇಲೆ ಜುಲಿಯಾನಾ ಕತ್ತರಿ ತಂದು ನನ್ನ ನಾಲ್ಕೂ ಹೂ ಕತ್ತರಿಸಿ ಹಾಕಿದಳು. ನನಗಾದ ನಾಚಿಕೆ ಏನು ಹೇಳಲಿ!

ಒಂದು ಭಾನುವಾರ ಹೇಳದೆ ಕೇಳದೆ ಅಜ್ಜಿ ಬಂದುಬಿಟ್ಟಳು. ವರಾಂಡದ ಹಗ್ಗದ ಮೇಲೆ ಒಣಗುತ್ತಿದ್ದ ನನ್ನನ್ನು ಕಂಡವಳೇ ಮೂಲೆಗಳನ್ನು ಮುಟ್ಟಿ ನೋಡಿದಳು. ಬೈಯಲಿಲ್ಲ. ಅಲ್ಲೇ ನೆಲಕ್ಕೆ ಕೂತು, ಉಟ್ಟ ಸೀರೆಯ ಸೆರಗನ್ನೇ ಪರ್ರನೆ ಹರಿದು, ಸಂಚಿಯಿಂದ ಸೂಜಿ ತೆಗೆದಳು. ಹುಡುಗಿಯರು ಸುತ್ತ ನೆರೆದರು.

"ಅಜ್ಜಿ, ಯಾರ್ನ ನೋಡಾಕ ಬಂದೀರಿ?"

ಅಜ್ಜಿ ತಲೆಯೆತ್ತಿದಳು. ಬಾಗಿಲಲ್ಲಿ ಜುಲಿಯಾನಾ ಮಿಸುಕದೆ ನಿಂತಿದ್ದಳು. ಆ ಮುಖ ನೋಡಿದ್ದೇ ಅಜ್ಜಿಗೆ ಎಲ್ಲ ತಿಳಿದುಹೋಯಿತು.

"ಯಾರ್ನೂ ಇಲ್ಲವ್ವಾ. ಕೌದಿ ಬತ್ತಲೆ ಕಾಣ್ತು. ಹೊಲದು ಹೋಗ್ತೀನಿ."

ಎಂಥ ಹೆಂಗಸು! ಮೊಮ್ಮಗಳ ಮಾನ ಉಳಿಸಲು ತನ್ನ ಸಂಬಂಧವನ್ನೇ ಬಿಟ್ಟುಕೊಟ್ಟಳು. ಜುಲಿಯಾನಾಳಿಗೆ ತಡೆಯಲಾಗಲಿಲ್ಲ. ಓಡಿ ಬಂದು ಅಜ್ಜಿಯ ಪಕ್ಕ ಕುಸಿದು ಕೂತಳು.

"ನಮ್ಮಜ್ಜಿ ಈಕಿ. ನಾ ಗೋವಾದಾಕಿ ಅಲ್ಲ, ಹಳಿಯಾಳದಾಕಿ. ನಾವು ಸಿದ್ದಿ ಮಂದಿ. ಹೂ ಕತ್ತರಿಸಿದಾಕಿ ನಾನ."

ಯಾರೂ ನಗಲಿಲ್ಲ. ಅಜ್ಜಿ ಸೂಜಿ ಮುಂದೆ ಚಾಚಿದಳು. "ಅಳೂದ ಸಾಕು, ದಾರ ಪೋಣಸು. ನನಗ ಕಣ್ಣ ಕಾಣವಲ್ಲವು."

ಈಗ ಅಜ್ಜಿಯಿಲ್ಲ. ನಾನೂ ಸವೆದಿದ್ದೇನೆ. ಹಳೆಯ ಕೌದಿಯನ್ನು ನಮ್ಮವರು ಎಸೆಯುವುದಿಲ್ಲ, ಹೊಸದರ ಒಳಗಿಟ್ಟು ಹೊಲಿಯುತ್ತಾರೆ. ಜುಲಿಯಾನಾ ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ನನ್ನನ್ನು ಒಳಗಿಟ್ಟು ಮಗಳಿಗಾಗಿ ಹೊಸ ಕೌದಿ ಹೊಲಿಯುತ್ತಿದ್ದಾಳೆ. ಸುತ್ತು ನಡುವಿಗೆ ಬಂದಂತೆ ನನಗೆ ಬೆಳಕು ಕಡಿಮೆಯಾಗುತ್ತಿದೆ. ಇನ್ನು ನಾನು ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಸರವೇನೂ ಇಲ್ಲ. ಹೊರಗೆ ಆ ಪುಟ್ಟ ಮಗಳು ಗೆಳತಿಗೆ ಹೇಳುವುದು ಕೇಳಿಸುತ್ತಿದೆ:

"ಇದು ಸಿದ್ದಿ ಕೌದಿ. ನಮ್ದು. ಬೇಕಾದ್ರ ಮುಟ್ಟಿ ನೋಡು."